ಸಣ್ಣ ಬ್ಯಾಟರಿ ಯಾಕೆ ಸತ್ತಿತು

ಹೊಳೆಯ ದಂಡೆಗೆ ಒಂದು ಆಶ್ರಮ. ಆಶ್ರಮಕ್ಕೊಬ್ಬ ಅಜ್ಜ. ಅಜ್ಜನಿಗೊಬ್ಬ ಶಿಷ್ಯ. ಕಥೆಗೆ ಇಷ್ಟು ಸಾಕಿತ್ತು. ಆದರೆ ಈ ಆಶ್ರಮಕ್ಕೆ ಒಂದು ಕಾರೂ ಇತ್ತು, ಅದಕ್ಕೇ ಕಥೆ ಸ್ವಲ್ಪ ಉದ್ದವಾಯಿತು.

ಅಜ್ಜನ ನಿಜವಾದ ಹೆಸರು ನಿರ್ವಾಣಪ್ಪ. ಅದು ಯಾರಿಗೂ ನೆನಪಿಲ್ಲ. ಸುತ್ತಲ ಹತ್ತು ಹಳ್ಳಿಗೆ ಅವರು ಬರೀ ಅಜ್ಜಾರು. ವಯಸ್ಸು ಎಂಬತ್ಮೂರು.

ಶಿಷ್ಯನ ಹೆಸರು ರಾಚಯ್ಯ. ನಲವತ್ತರ ಹತ್ತಿರದವನು. ಹನ್ನೊಂದು ವರ್ಷದಿಂದ ಅಜ್ಜಾರ ಸೇವೆಯಲ್ಲಿದ್ದ. ಅವರ ಪ್ರವಚನಗಳೆಲ್ಲ ಅವನಿಗೆ ಬಾಯಿಪಾಠ. ಕಾರು ನಡೆಸುವುದೂ ಅವನದೇ ಕೆಲಸ.

ಕಾರನ್ನು ಒಬ್ಬ ಭಕ್ತರು ಕೊಟ್ಟಿದ್ದರು. ಹೈಬ್ರಿಡ್ ಕಾರು, ಪೆಟ್ರೋಲಿನ ಮೇಲೂ ಓಡುತ್ತದೆ, ಕರೆಂಟಿನ ಮೇಲೂ ಓಡುತ್ತದೆ. ಅದರಲ್ಲಿ ಎರಡು ಬ್ಯಾಟರಿ. ಸೀಟಿನ ಕೆಳಗೆ ದೊಡ್ಡದೊಂದು, ಹಿಂದಿನ ಮೂಲೆಯಲ್ಲಿ ಸಣ್ಣದೊಂದು. ದೊಡ್ಡದು ಗಾಡಿ ಎಳೆಯುವುದಕ್ಕೆ. ಸಣ್ಣದು ಯಾತಕ್ಕೆ ಅಂತ ಆಶ್ರಮದಲ್ಲಿ ಯಾರೂ ಕೇಳಿರಲಿಲ್ಲ.

ಅಜ್ಜಾರು ಕಾರು ಹತ್ತುವವರಲ್ಲ.

"ನಾ ಹೋಗೂ ಊರಿಗೆ ರಸ್ತೆನ ಇಲ್ಲ, ನನಗ್ಯಾಕ ಕಾರು?" ಅಂದರು. "ಫಕೀರವ್ವನ್ನ ಕರಕೊಂಡು ಹೋಗಿ ಬಾ. ಆಕಿದ ಅದು ಇನ್ನ ಮ್ಯಾಲ."

ಫಕೀರವ್ವ ಆಶ್ರಮದ ದಾಸೋಹದಲ್ಲಿ ರೊಟ್ಟಿ ಬಡಿಯುವವಳು. ಇಪ್ಪತ್ತು ವರ್ಷ ಬಂದವರಿಗೆಲ್ಲ ಬಡಿದು ಹಾಕಿದಳು. ಎರಡು ವರ್ಷದ ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ವಾರಕ್ಕೆರಡು ದಿನ, ಮಂಗಳವಾರ ಮತ್ತು ಶುಕ್ರವಾರ, ಮೂವತ್ತೆಂಟು ಕಿಲೋಮೀಟರ್ ದೂರದ ದವಾಖಾನೆಗೆ ಹೋಗಿ ನಾಲ್ಕು ತಾಸು ಡಯಾಲಿಸಿಸ್ ಮಷೀನಿನ ಪಕ್ಕ ಮಲಗಬೇಕು. ರಕ್ತ ಒಂದು ನಳಿಗೆಯಿಂದ ಹೊರಗೆ ಬಂದು, ತೊಳೆದುಕೊಂಡು, ಇನ್ನೊಂದು ನಳಿಗೆಯಿಂದ ಒಳಗೆ ಹೋಗುತ್ತದೆ.

ಬೆಳಿಗ್ಗೆ ಎಂಟಕ್ಕೆ ಅವಳ ಪಾಳಿ. ತಪ್ಪಿದರೆ ಮಷೀನು ಮುಂದಿನವರಿಗೆ. ಆಶ್ರಮದ ಹಳ್ಳಿಗೆ ಮೊದಲ ಬಸ್ಸು ಬರುವುದೇ ಒಂಬತ್ತಕ್ಕೆ. ಕಾರು ಇದ್ದರೆ ಫಕೀರವ್ವ ಇದ್ದಳು, ಅಷ್ಟೇ ಲೆಕ್ಕ.

ಒಂದು ಶುಕ್ರವಾರ ಬೆಳಿಗ್ಗೆ ಕಾರು ಏಳಲಿಲ್ಲ.

ಬಾಗಿಲಿನ ಬಟನ್ ಒತ್ತಿದರೆ ಸದ್ದಿಲ್ಲ. ಕೀಲಿಕೈಯಿಂದ ತೆಗೆದು ಒಳಗೆ ಕೂತು ಒತ್ತಿದ, ಒಂದು ದೀಪವೂ ಹತ್ತಲಿಲ್ಲ. ರಾಚಯ್ಯ ಬೆವರಿದ. ಬಟನ್ ಮೇಲೆ ಬಟನ್ ಒತ್ತಿದ. ಬಾನೆಟ್ ತೆಗೆದು ನೋಡಿದ, ನೋಡಿದರೆ ಏನು ತಿಳಿಯಬೇಕು ಅವನಿಗೆ! ಅರ್ಧ ತಾಸು ಹೀಗೇ ಹೋಯಿತು.

ಕೊನೆಗೆ ಹಾಲಿನ ಗಾಡಿ ನಿಲ್ಲಿಸಿ, ಕ್ಯಾನುಗಳ ನಡುವೆ ಫಕೀರವ್ವನನ್ನು ಕೂರಿಸಿಕೊಂಡು ಹೋದರು. ಊರೂರಿಗೆ ನಿಲ್ಲುವ ಗಾಡಿ ಅದು. ಮುಟ್ಟುವಾಗ ಒಂಬತ್ತೂವರೆ. ಪಾಳಿ ಹೋಗಿತ್ತು. ಸಿಸ್ಟರ್ ಪುಣ್ಯಾತಗಿತ್ತಿ, ಮಧ್ಯಾಹ್ನ ಎರಡು ತಾಸು ಹೇಗೋ ಹೊಂದಿಸಿ ಕೊಟ್ಟಳು. ನಾಲ್ಕು ತಾಸಿನ ಕೆಲಸ ಎರಡರಲ್ಲಿ ಮುಗಿಯುತ್ತದೆಯೇ?

"ಮಂಗಳವಾರ ಮಾತ್ರ ತಪ್ಪಿಸಬ್ಯಾಡ್ರಿ," ಅಂದರು ಡಾಕ್ಟರು. "ತಪ್ಪಿಸಿದ್ರ ಆಮ್ಯಾಲ ನಮ್ಮ ಕೈಯಾಗ ಏನೂ ಉಳಿಯಂಗಿಲ್ಲ."

ಶನಿವಾರ ಇಮಾಮ್‌ಸಾಬ ಬಂದ. ತಾಲೂಕಿನಲ್ಲಿ ಬ್ಯಾಟರಿ ಅಂಗಡಿ ಇಟ್ಟವನು, ಅಜ್ಜಾರ ಮೇಲೆ ಭಾಳ ಭಕ್ತಿ.

ಹಿಂದಿನ ಡಿಕ್ಕಿಯ ಬಾಗಿಲೂ ಕರೆಂಟಿನದೇ, ಅದೂ ತೆರೆಯಲಿಲ್ಲ. ಇಮಾಮ್‌ಸಾಬ ಸೀಟು ಮಡಚಿ, ಹೊಟ್ಟೆಯ ಮೇಲೆ ತೆವಳಿಕೊಂಡು ಮೂಲೆಗೆ ಹೋದ. ಮೀಟರ್ ಹಿಡಿದು ನೋಡಿದ. ಹಾಗೇ ಹಿಂದೆ ಹಿಂದೆ ಸರಿದು ಹೊರಗೆ ಬಂದ.

"ಸಣ್ಣ ಬ್ಯಾಟರಿ ಸತ್ತೈತ್ರಿ ಅಯ್ಯಾರ."

"ದೊಡ್ಡದು?"

"ದೊಡ್ಡದು ಗಟ್ಟಿ ಐತಿ. ಆದ್ರ ಸಣ್ಣದು ಎಬ್ಬಿಸಿದ್ರಷ್ಟ ದೊಡ್ಡದು ಏಳತೈತಿ. ಇದನ್ನ ನಾನ ಹಾಕಿದ್ದು, ಹದಿನಾಲ್ಕು ತಿಂಗಳಾತು. ಕಡಿಮಿ ಅಂದ್ರೂ ನಾಕ್ ವರ್ಷ ಬರಬೇಕಿತ್ತಲ್ರಿ."

ರಾಚಯ್ಯ ಹೆಗಲ ಮೇಲಿನ ವಸ್ತ್ರದಿಂದ ಕಾರಿನ ಗಾಜು ಒರೆಸತೊಡಗಿದ.

"ನೋಡ್ರಿ, ಗಾಡಿ ಚಾಲೂ ಮಾಡಿದಾಗ ಮುಂದ ‘ರೆಡಿ’ ಅಂತ ಒಂದು ಲೈಟ್ ಹತ್ತತೈತಲ್ಲ, ಅದು ಹತ್ತಿದ್ರ ದೊಡ್ಡದು ಕೆಲಸಕ್ಕ ಬಂತು ಅಂತ. ಸಣ್ಣದಕ್ಕ ಅದ ಉಣಸತೈತಿ. ರೆಡಿ ಹತ್ತದ ನೀವು ಹಾಡು ಹಚ್ಚಿದ್ರಿ, ಫ್ಯಾನ್ ತಿರಗಿಸಿದ್ರಿ ಅಂದ್ರ ಎಲ್ಲಾ ಈ ಸಣ್ಣದರ ಹೊಟ್ಟ್ಯಾಗಿಂದ ಹೋಗತೈತಿ. ಗಾಡಿ ನಿಂದರಿಸಿ ಹಂಗ ಏನರ ಮಾಡ್ತಿರೇನು?"

"ಇಲ್ಲಪಾ!" ಅಂದ ರಾಚಯ್ಯ. ಸ್ವಲ್ಪ ಗಟ್ಟಿಯಾಗಿಯೇ ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವನು ಮುಖ ಒರೆಸಿಕೊಂಡ.

ಇಮಾಮ್‌ಸಾಬ ಮತ್ತೇನೂ ಕೇಳಲಿಲ್ಲ. ಆದರೆ ಬ್ಯಾಟರಿ ಯಾಕೆ ಸತ್ತಿತು ಅಂತ ರಾಚಯ್ಯನಿಗೆ ಆಗಲೇ ತಿಳಿದಿತ್ತು.

ಯಾಕೆಂದರೆ ಅವನು ಮಾಡುತ್ತಿದ್ದದ್ದು ಸರಿಯಾಗಿ ಅದನ್ನೇ.

ಎರಡು ವರ್ಷದ ಹಿಂದೆ, ಮೊದಲ ಸಲ ಹೋದಾಗ, ಅವನು ಫಕೀರವ್ವನ ಜೊತೆ ಒಳಗೆ ಹೋಗಿದ್ದ. ನಳಿಗೆಯಲ್ಲಿ ಕೆಂಪಗೆ ರಕ್ತ ಹರಿಯುವುದನ್ನು ಕಂಡ. ತಲೆ ತಿರುಗಿತು. ಗೋಡೆ ಹಿಡಿದುಕೊಂಡು ಹೊರಗೆ ಬಂದವನು ಕಾರಿನಲ್ಲಿ ಕೂತ. ಅಜ್ಜಾರ ಪ್ರವಚನ ಹಚ್ಚಿದ. ಅವರ ದನಿ ಕೇಳುತ್ತ ಕೇಳುತ್ತ ಜೀವ ತಹಬಂದಿಗೆ ಬಂತು.

ಅಂದಿನಿಂದ ಅದೇ ರೂಢಿ. ಮಂಗಳವಾರ, ಶುಕ್ರವಾರ, ನಾಲ್ಕು ತಾಸು. ಆಶ್ರಮದ ಪೆಟ್ರೋಲು ಸುಡುವುದು ಪಾಪ ಅಂತ ಗಾಡಿ ಚಾಲೂ ಮಾಡುತ್ತಿರಲಿಲ್ಲ. ಬ್ರೇಕಿನ ಮೇಲೆ ಕಾಲಿಡದೆ ಬಟನ್ ಒಮ್ಮೆ ಒತ್ತಿದರೆ ಹಾಡು ಬರುತ್ತಿತ್ತು, ಫ್ಯಾನು ತಿರುಗುತ್ತಿತ್ತು. ಅಷ್ಟು ದೊಡ್ಡ ಬ್ಯಾಟರಿ ಇರುವಾಗ ಇದೇನು ಮಹಾ ಅಂದುಕೊಂಡಿದ್ದ. ಗಾಜು ಏರಿಸಿ, ಕಣ್ಣು ಮುಚ್ಚಿ ಕೂತರೆ ಲೋಕ ದೂರವಾಗುತ್ತಿತ್ತು. ಗುರುವಿಗೆ ಇಷ್ಟು ಹತ್ತಿರ ತಾನು ಆಶ್ರಮದಲ್ಲೂ ಇರಲಿಲ್ಲ ಅನ್ನಿಸುತ್ತಿತ್ತು. ನಿಜ ಹೇಳಬೇಕೆಂದರೆ, ವಾರದಲ್ಲಿ ಅವನು ದಾರಿ ಕಾಯುತ್ತಿದ್ದದ್ದೇ ಆ ಎಂಟು ತಾಸಿಗೆ.

ಈಗ ಬ್ಯಾಟರಿ ಸತ್ತಿತ್ತು, ಕೊಂದವನು ತಾನು. ಹೇಳಲು ನಾಚಿಕೆ. ಹೇಳಿದರೆ ಆ ಎಂಟು ತಾಸೂ ಹೋಗುತ್ತವೆ.

ಸಂಜೆ ಇಮಾಮ್‌ಸಾಬನಿಗೆ ಫೋನ್ ಮಾಡಿದ. "ಹೊಸಾದು ತರೂದು ತರ್ತೀರಿ, ಇರೂದ್ರಾಗ ದೊಡ್ಡದು ತರ್ರಿ."

ಭಾನುವಾರ ಇಮಾಮ್‌ಸಾಬ ಎರಡು ತಂದ. ದೊಡ್ಡದು ರಾಚಯ್ಯ ಕೇಳಿದ್ದಕ್ಕೆ, ಸಣ್ಣದು ತನ್ನ ಸಮಾಧಾನಕ್ಕೆ. ಎರಡನ್ನೂ ಕಟ್ಟೆಯ ಮೇಲೆ ಇಟ್ಟ.

"ಈ ಸಣ್ಣದು ಈ ಗಾಡಿಗಂತ ಮಾಡಿದ್ದು. ಬಾಯಿ ಮುಚ್ಚಿದ್ದು. ಒಳಗ ಗಾಳಿ ಹುಟ್ಟಿದ್ರ ಈ ನಳಿಗಿ ಹಿಡದು ಗಾಡಿ ಹೊರಗ ಹೋಗತೈತಿ."

"ದೊಡ್ಡದು?"

"ಅದು ಟ್ರ್ಯಾಕ್ಟರಿಂದ್ರಿ. ಆಸಿಡ್ ನೀರಿನ ಬ್ಯಾಟರಿ. ಚಾರ್ಜ್ ಆಗುವಾಗ ಗಾಳಿ ಬಿಡತೈತಿ, ಅದು ಚಲೋ ಗಾಳಿ ಅಲ್ಲ. ಬಾನೆಟ್ ಕೆಳಗ ಇದ್ರ ನಡೀತೈತಿ. ಈ ಗಾಡ್ಯಾಗ ಬ್ಯಾಟರಿ ಇರೂದು ಮಂದಿ ಕುಂದ್ರೂ ಕಡೆ. ಮ್ಯಾಲ ಆ ಮೂಲ್ಯಾಗ ಅದು ಹಿಡಿಯಂಗೂ ಇಲ್ಲ."

"ಸೀಟಿನ ಹಿಂದ ಪಟ್ಟಿ ಹಾಕಿ ಕಟ್ಟಿದ್ರ?"

"ಕಟ್ಟಬಹುದು. ಆದ್ರ ನಾ ಕಟ್ಟಂಗಿಲ್ಲ."

"ದೊಡ್ಡದು ಬಾಳ ದಿನ ಬರತೈತಲ್ಲ? ಏನ್ ಮಾಡಿದ್ರೂ ತಡೀತೈತಲ್ಲ?"

ಇಮಾಮ್‌ಸಾಬ ಅವನ ಮುಖ ನೋಡಿದ. "ನಾಳೆ ಸಂಜಿಗೆ ಬರ್ತೇನಿ ಅಯ್ಯಾರ. ಅಷ್ಟರಾಗ ಅಜ್ಜಾರ್ನ ಒಂದು ಮಾತು ಕೇಳ್ರಿ," ಅಂದು ಬೈಕ್ ಹತ್ತಿದ.

ಅಜ್ಜಾರು ದಂಡೆಯ ಕಲ್ಲಿನ ಮೇಲೆ ಧೋತರ ಒಗೆಯುತ್ತಿದ್ದರು. ರಾಚಯ್ಯ ಹೋಗಿ ನಿಂತ.

"ಅಜ್ಜಾರ, ಎರಡು ಬ್ಯಾಟರಿ ಬಂದಾವ್ರಿ. ಒಂದು ಸಣ್ಣದು, ಒಂದು ದೊಡ್ಡದು. ಯಾವುದು ಹಾಕಸೂಣ್ರಿ?"

"ಹಳೇದು ಯಾಕ ಸತ್ತಿತು?"

"ವಯಸ್ಸಾಗಿತ್ರಿ."

"ಎಷ್ಟು?"

"ಹದಿನಾಲ್ಕು ತಿಂಗಳು."

"ನನಗ ಎಂಬತ್ಮೂರು ವರ್ಷ," ಅಂದರು ಅಜ್ಜಾರು. ಧೋತರ ಎತ್ತಿ ಕಲ್ಲಿಗೆ ಬಡಿದರು. ನೀರು ರಾಚಯ್ಯನ ಮುಖಕ್ಕೆ ಸಿಡಿಯಿತು. ಅವನು ಹಿಂದಕ್ಕೆ ಬಂದ.

ಆ ದಿನವೆಲ್ಲ ಅವನು ಇನ್ನೊಂದು ಕಾರಣ ಹುಡುಕಿದ. ಹುಡುಕುವವನಿಗೆ ಕಾರಣಕ್ಕೆ ಬರವೇ? ಸೋಮವಾರ ಬೆಳಿಗ್ಗೆ ಮತ್ತೆ ಹೋದ. ಅಜ್ಜಾರು ಬೇವಿನ ಕಡ್ಡಿಯಿಂದ ಹಲ್ಲು ಉಜ್ಜುತ್ತಿದ್ದರು.

"ಅಜ್ಜಾರ, ಬಿಸಲಿಗೆ ಸತ್ತಿರಬೇಕ್ರಿ ಅದು. ದವಾಖಾನಿ ಮುಂದ ನೆರಳಿಲ್ಲ."

"ಅಲ್ಲಿ ನಿನ್ನ ಗಾಡಿ ಒಂದ ನಿಂದರತೈತೇನು?"

"ಇಲ್ರಿ, ಬಾಳ ನಿಂದರತಾವ್ರಿ."

"ಅವುಗಳ ಬ್ಯಾಟರಿ?"

ರಾಚಯ್ಯ ಕಾಲ ಹೆಬ್ಬೆರಳಿನಿಂದ ಮಣ್ಣು ಕೆರೆದ. "ಹಂಗಾದ್ರ ತಯಾರ ಮಾಡಿದವ್ರ ತಪ್ಪು ಇರಬೇಕ್ರಿ."

ಅಜ್ಜಾರು ಬಾಯಿ ಮುಕ್ಕಳಿಸಿದರು. ಅವಸರವಿಲ್ಲದೆ ಮೂರು ಸಲ ಮುಕ್ಕಳಿಸಿದರು.

"ರಾಚಯ್ಯಾ, ಮನ್ಯಾಗ ಎತ್ತು ಸತ್ತಿತು. ಮನಿಯವ್ರು ಏನ್ ಮಾಡ್ತಾರ?"

"ಇನ್ನೊಂದು ಎತ್ತು ತರ್ತಾರ್ರಿ."

"ತರೂಕಿಂತ ಮೊದಲ?"

ರಾಚಯ್ಯ ಒಕ್ಕಲುತನದ ಊರಿನವನು. ಅವನಿಗೆ ಗೊತ್ತಿತ್ತು.

"ಏನ್ ತಿಂದು ಸತ್ತಿತು ಅಂತ ನೋಡ್ತಾರ್ರಿ. ಮೇವು ಹಾಕೂ ಗ್ವಾದಲಿ ತೊಳೀತಾರ್ರಿ."

"ತೊಳೀದ ಹೊಸಾ ಎತ್ತು ತಂದು ಕಟ್ಟಿದ್ರ?"

"ಅದೂ ಸಾಯತೈತ್ರಿ."

"ಎತ್ತು ದೊಡ್ಡದಿದ್ರ?"

ಅಜ್ಜಾರು ಉತ್ತರಕ್ಕೆ ಕಾಯಲಿಲ್ಲ. ಬೇವಿನ ಕಡ್ಡಿ ಎಸೆದು ಒಳಗೆ ಹೋದರು.

ಆಗಲೇ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಮನುಷ್ಯನ ಜಾತಿಯೇ ಹೀಗೆ, ಬಾಗಿಲು ತೆರೆದಿದ್ದರೂ ಗೋಡೆ ಹಾರಲು ನೋಡುತ್ತದೆ.

ದಾಸೋಹದ ಪಡಸಾಲೆಯಲ್ಲಿ ಫಕೀರವ್ವ ಗೋಡೆಗೆ ಒರಗಿ ಕೂತಿದ್ದಳು. ಕಾಲು ಎರಡೂ ಬಾತು, ಪಾದದ ಗಂಟು ಕಾಣದಂತಾಗಿದ್ದವು. ಜೋಳದ ಚೀಲದ ಮೇಲೆ ಅವನ್ನು ಎತ್ತಿ ಇಟ್ಟುಕೊಂಡಿದ್ದಳು. ನಾಲ್ಕು ಮಾತಿಗೊಮ್ಮೆ ಉಸಿರು ಹಿಡಿಯುತ್ತಿತ್ತು.

"ಅಯ್ಯಾರ, ನಾಳೆ ಗಾಡಿ ಬರತೈತಲ್ಲ?"

"ಬರತೈತಿ ಯಕ್ಕಾ. ಈ ಸಲ ದೊಡ್ಡದ ಹಾಕಸ್ತೇನಿ. ಮತ್ತ ನಿನಗ ತ್ರಾಸ ಆಗಂಗಿಲ್ಲ."

"ದೊಡ್ಡದಾದ್ರ ಚಲೋನ ಆತು ಬಿಡ್ರಿ," ಅಂದಳು. ಅವಳಿಗೆ ಸಣ್ಣದೂ ಗೊತ್ತಿಲ್ಲ, ದೊಡ್ಡದೂ ಗೊತ್ತಿಲ್ಲ. ಅಯ್ಯಾರು ಹೇಳಿದರು, ಅವಳು ನಂಬಿದಳು. "ನೀವು ಇದ್ದೀರಂತ ಜೀವ ಐತ್ರಿ ನಂದು."

ಆ ಮಾತು ರಾಚಯ್ಯನ ಎದೆಗೆ ನಾಟಿತು. ನಾಟಿದ್ದಕ್ಕೇ ಅವನು ಮತ್ತಷ್ಟು ಬೇಗ ಬೇಗ ಹೆಜ್ಜೆ ಹಾಕಿದ. ದೊಡ್ಡದೇ ಹಾಕಿಸುತ್ತೇನೆ. ದೊಡ್ಡದಾದರೆ ಹಾಡು ಹಚ್ಚಿದರೂ ತಡೆಯುತ್ತದೆ, ಗಾಡಿಯೂ ಏಳುತ್ತದೆ, ಫಕೀರವ್ವನೂ ಉಳಿಯುತ್ತಾಳೆ, ಯಾರಿಗೂ ಏನೂ ಹೇಳುವ ಗೊಡವೆ ಇಲ್ಲ. ಹೀಗೆ ಎಲ್ಲರಿಗೂ ಒಳ್ಳೆಯದಾಗುವ ದಾರಿ ಸಿಕ್ಕಿತು ಅಂತ ತನಗೆ ತಾನೇ ಹೇಳಿಕೊಂಡ.

ಮಧ್ಯಾಹ್ನ ಪ್ರಸಾದವಾದ ಮೇಲೆ ಅಜ್ಜಾರ ಮುಂದೆ ನಿಂತ.

"ದೊಡ್ಡದ ಹಾಕಸ್ತೇನ್ರಿ ಅಜ್ಜಾರ. ಇಮಾಮ್‌ಸಾಬ ಒಲ್ಲೆ ಅಂದ್ರ ನಾನ ಕಟ್ಟತೇನಿ."

ಅಜ್ಜಾರು ಗೋಡೆ ಹಿಡಿದು ಎದ್ದರು. "ನಡಿ. ಇಟ್ಟು ನೋಡೂಣು."

ರಾಚಯ್ಯ ಬ್ಯಾಟರಿ ಎತ್ತಿಕೊಂಡ. ಹೊತ್ತವನಿಗೇ ಗೊತ್ತು ಅದರ ಭಾರ. ಹಿಂದಿನ ಸೀಟಿನ ಆಚೆ ಅದನ್ನು ಇಳಿಸಿದ.

ಎರಡು ವರ್ಷದಲ್ಲಿ ಒಮ್ಮೆಯೂ ಕಾರು ಹತ್ತದ ಅಜ್ಜಾರು ಬಾಗಿಲು ತೆಗೆದು ಹಿಂದಿನ ಸೀಟಿನಲ್ಲಿ ಅಡ್ಡಾದರು.

"ಅಜ್ಜಾರ, ಏನ್ ಮಾಡಾಕತ್ತೀರಿ!"

"ಫಕೀರವ್ವ ಹಿಂಗ ಮಲಗತಾಳಲ್ಲ?"

"ಹೌದ್ರಿ."

"ಆಕಿ ತಲಿ ಇಲ್ಲೇ ಬರತೈತಿ. ಬ್ಯಾಟರಿ ಇಲ್ಲಿ. ಇದರ ಗಾಳಿ ಎಲ್ಲಿ ಹೋಗತೈತಿ?"

"ಗ್ಲಾಸ್ ಇಳಸಿರತೇನ್ರಿ."

"ಮಳಿ ಬಂದ್ರ?"

ರಾಚಯ್ಯ ಬ್ಯಾಟರಿಯನ್ನು ಸ್ವಲ್ಪ ಆಚೆ ಸರಿಸಿ ನೋಡಿದ.

"ಇರಲಿ. ನೀ ಮುಂದ ಕುಂದ್ರು, ದಿನಾ ಕುಂದ್ರೂ ಜಾಗದಾಗ."

ಅವನು ಕೂತ.

"ಈಗ ದವಾಖಾನಿ ಬಂತು ಅಂತ ತಿಳಕೋ. ನಾನ ಫಕೀರವ್ವ. ಇಳದು ಒಳಗ ಹೋದೆ. ಇನ್ನ ನಾಕ್ ತಾಸು ನಾ ಬರಂಗಿಲ್ಲ." ಅಜ್ಜಾರು ಮಲಗಿದಲ್ಲೇ ಕಣ್ಣು ಮುಚ್ಚಿದರು. "ನೀ ಏನ್ ಮಾಡ್ತಿ? ಮಾಡು."

ರಾಚಯ್ಯ ಮುಂದಿನ ಗಾಜು ನೋಡುತ್ತ ಕೂತ. ಹೊರಗೆ ಒಂದು ಆಡು ಕಟ್ಟೆಯ ಮೇಲೆ ಹತ್ತಿ ಇಳಿಯಿತು.

"ಯಾಕ ಸುಮ್ಮ ಕುಂತಿ? ದಿನಾ ಮಾಡೂದು ಮಾಡು."

ಅವನ ಕೈ ತಾನಾಗಿಯೇ ಎದ್ದಿತು. ಬ್ರೇಕಿನ ಮೇಲೆ ಕಾಲಿಡಲಿಲ್ಲ. ಬೆರಳು ಬಟನ್ ಒಮ್ಮೆ ಒತ್ತಿತು. ಸತ್ತ ಗಾಡಿ, ಏನು ಹತ್ತಬೇಕು? ಆದರೂ ಕೈ ನಿಲ್ಲಲಿಲ್ಲ. ಹಾಡು ಹಚ್ಚುವ ಗುಂಡಿಯ ಮೇಲೆ ಹೋಗಿ ಕೂತಿತು.

"ಏನ್ ಹಚ್ಚತಿ?"

"ನಿಮ್ಮ ಪ್ರವಚನ್ರಿ."

"ಎಷ್ಟೊತ್ತು?"

"ನಾಕ್ ತಾಸ್ರಿ."

ಅಜ್ಜಾರು ಒಮ್ಮೆ ನಕ್ಕರು. ಆ ನಗು ಬೇಗ ಆರಿತು.

"ಹಂಗಾದ್ರ ಬ್ಯಾಟರಿ ತಿಂದಾಂವ ನಾನ ಅನ್ನು."

"ಇಲ್ರಿ ಅಜ್ಜಾರ, ಹಂಗ ಅನಬ್ಯಾಡ್ರಿ!" ರಾಚಯ್ಯ ತಿರುಗಿ ಕೂತ. "ನಾನ್ರಿ. ತಿಂದಾಂವ ನಾನ್ರಿ. ಇಮಾಮ್‌ಸಾಬ ಶನಿವಾರನ ಹೇಳಿದ್ದ. ನನಗ ಆವಾಗ ತಿಳದಿತ್ರಿ."

ಒಮ್ಮೆ ಕಟ್ಟೆ ಒಡೆದ ಮೇಲೆ ಎಲ್ಲ ಬಂತು. ನಳಿಗೆಯ ರಕ್ತ, ತಿರುಗಿದ ತಲೆ, ಏರಿಸಿದ ಗಾಜು, ಎರಡು ವರ್ಷದ ಮಂಗಳವಾರ ಶುಕ್ರವಾರ. ಹೇಳುತ್ತ ಹೇಳುತ್ತ ನಲವತ್ತರ ಗಂಡಸು ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತ.

ಅಜ್ಜಾರು ಅವನನ್ನು ಅಳಲು ಬಿಟ್ಟರು. ಆಮೇಲೆ ಕೇಳಿದರು:

"ದೊಡ್ಡದು ಯಾಕ ಬೇಕಾತು?"

"ಅದು ತಡೀತಿತ್ರಿ. ನಾ ಕೇಳೂದು ನಾ ಕೇಳಬಹುದಿತ್ತು. ಯಾರಿಗೂ ಹೇಳೂದು ಬೇಕಾಗತಿರಲಿಲ್ಲ."

"ಎತ್ತಿಗೆ ಜ್ವರ, ಎಮ್ಮಿಗೆ ಬರಿ," ಅಂದರು ಅಜ್ಜಾರು.

"ತಪ್ಪಾತ್ರಿ ಅಜ್ಜಾರ."

"ಯಾರಿಗೆ ಹೇಳಾಕತ್ತಿ?"

"ನಿಮಗ್ರಿ."

"ಶುಕ್ರವಾರ ಹಾಲಿನ ಗಾಡ್ಯಾಗ ನಾ ಹೋಗಿರಲಿಲ್ಲ," ಅಂದರು ಅಜ್ಜಾರು. ಸೀಟು ಹಿಡಿದು ಮೆಲ್ಲಗೆ ಎದ್ದು, ಇಳಿದು, ಧೋತರದ ಧೂಳು ಕೊಡವಿಕೊಂಡು ಹೋದರು.

ಸಂಜೆ ಇಮಾಮ್‌ಸಾಬ ಬಂದ. ರಾಚಯ್ಯ ದೊಡ್ಡದನ್ನು ಹೊತ್ತು ತಂದು ಅವನ ಬೈಕಿನ ಪಕ್ಕಕ್ಕೆ ಇಟ್ಟ.

"ಸಣ್ಣದು ಹಾಕ್ರಿ. ಮತ್ತ, ಇಮಾಮ್‌ಸಾಬ್ರ, ಶನಿವಾರ ನಾ ಸುಳ್ಳು ಹೇಳಿದ್ದೆ. ರೆಡಿ ಹತ್ತದ ನಾಕ್ ನಾಕ್ ತಾಸು ಹಾಡು ಹಚ್ಚತಿದ್ದೆ."

ಇಮಾಮ್‌ಸಾಬ ನಟ್ಟು ಬಿಚ್ಚುವ ಪಾನಾ ಹುಡುಕುತ್ತ, ತಲೆ ಎತ್ತದೆ ಅಂದ: "ಹೂಂ ರೀ. ಬ್ಯಾಟರಿ ನೋಡಿದಾಗನ ನನಗ ತಿಳದಿತ್ರಿ. ನೀವ ಹೇಳ್ತೀರಂತ ಬಿಟ್ಟಿದ್ದೆ."

ಹಿಂದಿನ ಮೂಲೆಯಲ್ಲಿ ಸಣ್ಣ ಬ್ಯಾಟರಿ ಅಳತೆಗೆ ಸರಿಯಾಗಿ ಹಿಡಿಯಿತು. ಇಮಾಮ್‌ಸಾಬ ನಳಿಗೆ ಸೇರಿಸಿ, ಅದರ ಇನ್ನೊಂದು ತುದಿ ಹೊರಗೆ ಹೋಗಿದೆಯೋ ಇಲ್ಲವೋ ಎಂದು ಕೆಳಗೆ ಬಗ್ಗಿ ನೋಡಿದ. ರಾಚಯ್ಯ ಬ್ರೇಕಿನ ಮೇಲೆ ಕಾಲಿಟ್ಟು ಬಟನ್ ಒತ್ತಿದ. ರೆಡಿ ದೀಪ ಹತ್ತಿತು. ಅವನಿಗೆ ಖುಷಿ ಆಗಬೇಕಿತ್ತು, ಆಗಲಿಲ್ಲ. ಇನ್ನೊಂದು ಕೆಲಸ ಉಳಿದಿತ್ತು.

ಫಕೀರವ್ವ ಅದೇ ಪಡಸಾಲೆಯಲ್ಲಿದ್ದಳು. ರಾಚಯ್ಯ ಅವಳ ಮುಂದೆ ನೆಲದ ಮೇಲೆ ಕೂತ. ಅಯ್ಯಾರು ಎಂದೂ ಹಾಗೆ ಕೂತವರಲ್ಲ, ಅವಳು ಗಾಬರಿಯಾಗಿ ಕಾಲು ಎಳೆದುಕೊಳ್ಳಲು ಹೋದಳು, ಆಗಲಿಲ್ಲ.

"ಯಕ್ಕಾ, ಶುಕ್ರವಾರ ಗಾಡಿ ಕೆಟ್ಟಿದ್ದು ನನ್ನಿಂದ. ನೀ ಒಳಗಿದ್ದಾಗ ನಾ ಗಾಡ್ಯಾಗ ಕುಂತು ಪ್ರವಚನ ಹಚ್ಚತಿದ್ದೆ. ಅದರಿಂದ ಬ್ಯಾಟರಿ ಸತ್ತಿತು."

ಫಕೀರವ್ವ ಅವನನ್ನು ನೋಡಿ ನಕ್ಕಳು.

"ಅಯ್ಯ ಶಿವನ, ನೀವು ಕುಂದ್ರೂದು ನನಗ ಗೊತ್ತೈತ್ರಿ. ನನ್ನ ಹಾಸಗಿ ಕಿಡಕಿ ಬಾಜೂಕ ಐತಿ. ಕಿಡಕ್ಯಾಗಿಂದ ಗಾಡಿ ಚಂದ ಕಾಣತೈತಿ."

"ಕಾಣತೈತೇನು?"

"ನೀವು ಕಣ್ಣು ಮುಚ್ಚಿ ಕುಂತಿರತೀರಿ." ಅವಳು ಉಸಿರು ತೆಗೆದುಕೊಳ್ಳಲು ನಿಂತಳು. "ನನ್ನ ಸಲುವಾಗಿ ಬೇಡ್ಕೊಳ್ಳಾಕತ್ತೀರಿ ಅಂತ ತಿಳದಿದ್ದೆ. ಸೂಜಿ ಚುಚ್ಚೂವಾಗ ಬಾಳ ನೂಸತೈತ್ರಿ. ಆವಾಗ ಆ ಕಡೆ ನೋಡ್ತೇನಿ. ಬಾಜೂ ಹಾಸಗಿ ಹೆಣ್ಮಗಳಿಗೂ ತೋರಿಸೇನಿ, ನೋಡವ್ವಾ, ನಮ್ಮ ಅಯ್ಯಾರು ನನ್ನ ಸಲುವಾಗಿ ನಾಕ್ ತಾಸು ಹೆಂಗ ಕುಂತಾರ ಅಂತ."

ರಾಚಯ್ಯ ತಲೆ ತಗ್ಗಿಸಿದ. ಎರಡು ವರ್ಷ. ಒಂದು ಸಲವಾದರೂ, ಒಂದೇ ಒಂದು ಸಲ, ಅವಳ ಹೆಸರು ಅವನ ಬಾಯಲ್ಲಿ ಬಂದಿರಲಿಲ್ಲ.

ಅವಳು ಅವನ ತಗ್ಗಿದ ತಲೆ ನೋಡಿದಳು. ನಗು ನಿಧಾನವಾಗಿ ಹೋಯಿತು.

"ಬೇಡ್ಕೊಂಡಿಲ್ಲೇನ್ರಿ?"

ಹೌದು ಅಂದುಬಿಡಬಹುದಿತ್ತು. ಅವಳಿಗೆ ಸಮಾಧಾನವಾಗುತ್ತಿತ್ತು, ಇವನಿಗೆ ಗೌರವ ಉಳಿಯುತ್ತಿತ್ತು. ನಾಲಿಗೆಯ ತುದಿಯ ತನಕ ಬಂದಿತ್ತು ಆ ಮಾತು.

"ಇಲ್ಲ ಯಕ್ಕಾ."

ಫಕೀರವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಳೆಯ ಕಡೆ ನೋಡಿದಳು.

"ಆತು ಬಿಡ್ರಿ," ಅಂದಳು ಕಡೆಗೆ. "ನಾಳೆ ಆರಕ್ಕ ಗಾಡಿ ನಿಂದರಸ್ರಿ."

ಮಂಗಳವಾರ ಐದೂಮುಕ್ಕಾಲಿಗೇ ಕಾರು ಬಾಗಿಲಿಗೆ ಬಂದು ನಿಂತಿತ್ತು. ರೆಡಿ ದೀಪ ಹತ್ತಿತ್ತು. ಫಕೀರವ್ವನನ್ನು ಇಬ್ಬರು ಹೆಂಗಸರು ಹಿಡಿದು ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅವಳು ಕಾಲಿನವರೆಗೆ ಕೌದಿ ಹೊದ್ದುಕೊಂಡು ಆ ಕಡೆ ಮುಖ ಮಾಡಿದಳು.

ಅಜ್ಜಾರು ಬಾಗಿಲ ಹತ್ತಿರ ನಿಂತಿದ್ದರು. ರಾಚಯ್ಯ ಇಳಿದು ಬಂದು ಅವರ ಪಾದ ಮುಟ್ಟಿದ. ಎದ್ದವನು ಹೋಗಲಿಲ್ಲ.

"ಹೊತ್ತಾತು, ಹೋಗು."

"ಅಜ್ಜಾರ, ಇವತ್ತ ನಾ ಗಾಡ್ಯಾಗ ಕುಂದರಂಗಿಲ್ರಿ. ಒಳಗ ಹೋಗ್ತೇನಿ."

"ಹೂಂ."

"ಹೋಗ್ತೇನ್ರಿ. ಆದ್ರ ನಳಿಗ್ಯಾಗ ಆ ರಕ್ತ ಕಂಡ್ರ ನನಗ ತಲಿ ತಿರಗತೈತ್ರಿ. ಬಿದ್ದಗಿದ್ದೇನು ಅಂತ ಅಂಜಿಕಿ ಬರತೈತಿ." ಅವನ ದನಿ ಸಣ್ಣದಾಯಿತು. "ನಾಕ್ ತಾಸು ಅಲ್ಲಿ ಕುಂತು ನಾ ಏನ್ ನೋಡ್ಲಿ ಅಜ್ಜಾರ?"

ಅಜ್ಜಾರು ಕಾರಿನೊಳಗೆ ನೋಡಿದರು. ಫಕೀರವ್ವ ಕಣ್ಣು ಮುಚ್ಚಿದ್ದಳು.

"ಮಷೀನ್ ಹಚ್ಚಿದ ಮ್ಯಾಲ ಆಕಿಗೆ ಬಾಳ ಚಳಿ ಹತ್ತತೈತಿ," ಅಂದರು. "ಕೌದಿ ನೋಡು. ಅದು ಜಾರತಿರತೈತಿ."